ತಪ್ಪು ಲೆಕ್ಕಗಳನ್ನು ಬರೆದು ಕಳಿಸಿ, ಅಪ್ಪಾ

ಪರ್ತ್, ಪಶ್ಚಿಮ ಆಸ್ಟ್ರೇಲಿಯಾ
14 ಜೂನ್ 2025

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆಯೆಂದು ತಮ್ಮ ತಿಳಿಸಿದ ಮೇಲೆ ಮನಸ್ಸು ಹಗುರವಾಯಿತು. ಕಳೆದ ವಾರ ಫೋನಿನಲ್ಲಿ ನೀವು, "ಪಾಠ ಹೇಳುವುದನ್ನು ಕಲಿಯಲು ಹೋದವಳು ಯಾವಾಗಲೂ ಕಂಪ್ಯೂಟರಿನ ಮುಂದೆ ಕೂತಿರುತ್ತೀಯಲ್ಲ, ಅದರಲ್ಲಿ ಕಲಿಯುವುದೇನಿದೆ?" ಎಂದು ಕೇಳಿದಿರಿ. 32 ವರ್ಷ ಕರಿಹಲಗೆಯ ಮುಂದೆ ನಿಂತವರು ಕೇಳಿದ ಪ್ರಶ್ನೆಗೆ ಅವಸರದ ಉತ್ತರ ಸಲ್ಲದು. ಆದ್ದರಿಂದ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ.

ನಾನಿಲ್ಲಿ ಕಲಿಯುತ್ತಿರುವುದು ಆನ್‌ಲೈನ್ ಪಾಠ ಹೇಳುವುದನ್ನು. ಈ ದೇಶದಲ್ಲಿ ದೂರದ ಮಕ್ಕಳಿಗೆ ಪಾಠ ಹೇಳುವುದು ಕೊರೋನಾ ಕಾಲದಲ್ಲಿ ಹುಟ್ಟಿದ್ದಲ್ಲ. ಒಳನಾಡಿನ ದನದ ಫಾರ್ಮುಗಳಲ್ಲಿ ನೆರೆಮನೆಯೆಂದರೆ ನೂರಾರು ಕಿಲೋಮೀಟರ್ ದೂರ. ಅಲ್ಲಿನ ಮಕ್ಕಳು, ವಿಮಾನದಲ್ಲಿ ಬಂದು ಚಿಕಿತ್ಸೆ ಕೊಡುವ 'ಹಾರುವ ವೈದ್ಯರ' ಸೇವೆಯ ರೇಡಿಯೋ ಬಳಸುವುದನ್ನು ಚೆನ್ನಾಗಿ ಬಲ್ಲರೆಂಬುದನ್ನು ಗಮನಿಸಿದ ಅಡಿಲೇಡ್ ಮೀತ್ಕಿ ಎಂಬ ಶಿಕ್ಷಕಿಗೆ, ಅದೇ ರೇಡಿಯೋದಲ್ಲಿ ಪಾಠವನ್ನೇಕೆ ಹೇಳಬಾರದೆಂದು ಹೊಳೆಯಿತಂತೆ. 1951ರ ಜೂನ್ 8ರಂದು ದೇಶದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ 'ಸ್ಕೂಲ್ ಆಫ್ ದಿ ಏರ್' ಎಂಬ ರೇಡಿಯೋ ಶಾಲೆ ಆರಂಭವಾಯಿತು. ಮೊದಮೊದಲು ಶಿಕ್ಷಕರು ಹೇಳುವುದು, ಮಕ್ಕಳು ಕೇಳುವುದು, ಅಷ್ಟೇ. ಸ್ವಲ್ಪ ಕಾಲದಲ್ಲೇ ಪ್ರತಿ ಪಾಠದ ಕೊನೆಗೆ ಪ್ರಶ್ನೋತ್ತರಕ್ಕೂ ಸಮಯ ಸೇರಿಸಿದರು. ಇದನ್ನು ಓದಿದಾಗ ನಿಮ್ಮ ಶಾಲೆಯಲ್ಲಿ ಆಕಾಶವಾಣಿಯ 'ಕೇಳಿ ಕಲಿ' ಮುಗಿದ ಕೂಡಲೇ ನೀವು ರೇಡಿಯೋ ಆರಿಸಿ, "ಈಗ ನೀವು ಹೇಳಿ" ಎಂದು ಮಕ್ಕಳ ಕಡೆ ತಿರುಗುತ್ತಿದ್ದುದು ನೆನಪಾಯಿತು.

ನಾವು ದಿನವೂ ಬಳಸುವ 'ಮೂಡಲ್' ಎಂಬ ತಂತ್ರಾಂಶವೂ ಇದೇ ಪರ್ತ್ ನಗರದ್ದು. ಅದನ್ನು ರೂಪಿಸಿದ ಮಾರ್ಟಿನ್ ಡೂಜಿಯಾಮಾಸ್ ಅವರು ಬಾಲ್ಯದಲ್ಲಿ ಮರುಭೂಮಿಯ ನಡುವೆ ಇದ್ದು, ಅಂಥದೇ ರೇಡಿಯೋ ಶಾಲೆಯಲ್ಲಿ ಕಲಿತವರು. 2002ರಲ್ಲಿ ಹೊರಬಂದ ಅದನ್ನು ಯಾವ ಶಾಲೆ ಬೇಕಾದರೂ ಹಣ ಕೊಡದೆ ಪಡೆದು ತನಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಪಾಠ, ಚರ್ಚೆ, ಮನೆಗೆಲಸ, ಪರೀಕ್ಷೆ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಅದರ ಗುಂಡಿಗಳನ್ನು ಒತ್ತುವುದನ್ನು ನಾನು ಒಂದು ವಾರದಲ್ಲಿ ಕಲಿತೆ. ಅದರೊಳಗೆ ಒಂದು ಒಳ್ಳೆಯ ಪ್ರಶ್ನೆಯನ್ನು ಬರೆಯಲು ಕಲಿಯುವುದಕ್ಕೆ ತಿಂಗಳುಗಳು ಬೇಕಾದವು.

ತರಬೇತಿಯ ಅಂಗವಾಗಿ ಒಂದು ದೂರಶಿಕ್ಷಣ ಶಾಲೆಯಲ್ಲಿ ಭಿನ್ನರಾಶಿ ಪಾಠಕ್ಕೆ ಪ್ರಶ್ನೆಗಳನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. 1/2 ಕ್ಕೆ 1/3 ಕೂಡಿಸಿದರೆ ಎಷ್ಟು ಎಂದು ಕೇಳಿ, ಸರಿಯುತ್ತರ 5/6 ರ ಜೊತೆಗೆ ತೋಚಿದ ಮೂರು ತಪ್ಪು ಉತ್ತರಗಳನ್ನು ಇಟ್ಟೆ: 7/9, 11/4, 3/8. ನನ್ನ ಮಾರ್ಗದರ್ಶಕ ಶಿಕ್ಷಕಿ ಅದನ್ನು ನೋಡಿ, "ಈ ತಪ್ಪುಗಳನ್ನು ಯಾವ ಮಗು ಮಾಡುತ್ತದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ನಿಮ್ಮ ತರಗತಿ ಕಣ್ಣಮುಂದೆ ಬಂತು. ಸ್ಲೇಟಿನ ಮೇಲಿನ ತಪ್ಪು ಲೆಕ್ಕವನ್ನು ಮಗು ಅಂಗೈಯಿಂದ ಒರೆಸಲು ಹೊರಟರೆ ನೀವು ಕೈ ಹಿಡಿದು, "ಅಳಿಸಬೇಡ, ಹೇಗೆ ಮಾಡಿದೆ ಹೇಳು" ಎನ್ನುತ್ತಿದ್ದಿರಿ. ಮರುದಿನ ಉತ್ತರಗಳನ್ನು ಬದಲಿಸಿದೆ. 2/5 ಆರಿಸಿದ ಮಗು ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿಸಿದೆ. 2/6 ಆರಿಸಿದ ಮಗು ಸಮಛೇದವನ್ನು ಕಂಡುಕೊಂಡಿದ್ದರೂ ಅಂಶಗಳನ್ನು ಹಾಗೆಯೇ ಬಿಟ್ಟಿದೆ. ಮೊದಲನೆಯದಕ್ಕೆ ಭಿನ್ನರಾಶಿಯೆಂದರೇನೆಂಬುದನ್ನೇ ರೊಟ್ಟಿಯನ್ನು ಮುರಿದು ತೋರಿಸಿ ಮತ್ತೆ ಹೇಳಬೇಕು. ಎರಡನೆಯದಕ್ಕೆ ಒಂದು ಮಾತಿನ ಸುಳಿವು ಸಾಕು. ಮೂಡಲ್‌ನಲ್ಲಿ ಒಂದೊಂದು ತಪ್ಪು ಉತ್ತರಕ್ಕೂ ಬೇರೆಬೇರೆ ಮಾತನ್ನು ಬರೆದಿಡಬಹುದು, ಸುಳಿವು ಕೊಟ್ಟು ಮತ್ತೊಮ್ಮೆ ಯತ್ನಿಸಲು ಬಿಡಬಹುದು. ಸ್ಲೇಟಿನ ಪಕ್ಕ ನೀವು ಕೂತು ಮಾಡುತ್ತಿದ್ದ ಕೆಲಸವನ್ನು, ಸಾವಿರ ಕಿಲೋಮೀಟರ್ ಆಚೆ ಇರುವ ಮಗುವಿಗಾಗಿ ಮುಂಚಿತವಾಗಿ ಯೋಚಿಸಿ ಬರೆದಿಡುವುದೇ ನಾನಿಲ್ಲಿ ಕಲಿಯುತ್ತಿರುವ ವಿದ್ಯೆ.

ಇನ್ನೊಂದು ತಪ್ಪನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ನಾನು ತುಂಬ ಆಸೆಯಿಂದ ಸಿದ್ಧಪಡಿಸಿದ 20 ನಿಮಿಷದ ವಿಡಿಯೋ ಪಾಠ ಒಂದು ಫಾರ್ಮಿನ ಮನೆಯಲ್ಲಿ ತೆರೆದುಕೊಳ್ಳಲೇ ಇಲ್ಲ. ಆ ಹುಡುಗಿಯ ಪಕ್ಕದಲ್ಲಿ ಕೂತು ಕಲಿಸುವ ತಾಯಿ ಅರ್ಧ ಗಂಟೆ ಕಾದು, ಕೊನೆಗೆ ಪುಸ್ತಕ ತೆರೆದರಂತೆ. ಅದನ್ನು ಕೇಳಿ ಬಹಳ ನೊಂದೆ. ಈಗ ವಿಡಿಯೋವನ್ನು ನಾಲ್ಕೈದು ನಿಮಿಷದ ತುಣುಕುಗಳಾಗಿ ಮಾಡುತ್ತೇನೆ, ಚಿತ್ರಗಳ ಗಾತ್ರ ಇಳಿಸುತ್ತೇನೆ, ಮಾತುಗಳನ್ನೆಲ್ಲ ಬರಹದಲ್ಲೂ ಕೊಡುತ್ತೇನೆ. ನಮ್ಮೂರಿನ ಪಠ್ಯಪುಸ್ತಕಗಳ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ 'ದೀಕ್ಷಾ' ಜಾಲತಾಣದ ಪಾಠ ತೆರೆಯಲು ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಅಪ್ಪಾ, ನಿಮ್ಮಿಂದ ಒಂದು ಉಪಕಾರವಾಗಬೇಕು. ಭಿನ್ನರಾಶಿ, ದಶಮಾಂಶ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ, ಇವುಗಳಲ್ಲಿ ಮಕ್ಕಳು ಮಾಡುತ್ತಿದ್ದ ತಪ್ಪುಗಳಲ್ಲಿ ನಿಮಗೆ ನೆನಪಿರುವಷ್ಟನ್ನೂ, ಅವರು ಕೊಡುತ್ತಿದ್ದ ಕಾರಣಗಳ ಸಮೇತ, ಒಂದು ನೋಟುಪುಸ್ತಕದಲ್ಲಿ ಬರೆಯಿರಿ. 0.25 ಕ್ಕಿಂತ 0.3 ಚಿಕ್ಕದೆಂದು ವಾದಿಸಿದ ಹುಡುಗನ ಕಥೆಯನ್ನು ಮೊದಲು ಬರೆಯಿರಿ. ತಮ್ಮ ಪುಟಗಳ ಫೋಟೋ ತೆಗೆದು ಕಳಿಸಲಿ. ಮುಂದಿನ ತಿಂಗಳು ದಶಮಾಂಶದ ಪಾಠಕ್ಕೆ ಪ್ರಶ್ನೆಗಳನ್ನು ಬರೆಯಲಿದ್ದೇನೆ; ತಪ್ಪು ಉತ್ತರಗಳ ಜಾಗವನ್ನು ನಿಮಗಾಗಿ ಖಾಲಿ ಇಟ್ಟಿದ್ದೇನೆ.

ಭಾನುವಾರ ನಿಮ್ಮ ಸಂಜೆ ಏಳಕ್ಕೆ, ಅಂದರೆ ಇಲ್ಲಿ ಒಂಬತ್ತೂವರೆಗೆ, ಫೋನ್ ಮಾಡುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರಗಳನ್ನೂ ತಮ್ಮನಿಗೆ ಆಶೀರ್ವಾದಗಳನ್ನೂ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು