ಮಗಳಿಗೊಂದು ಪತ್ರ: ಏನೂ ಆಗದ ಇಲಿಗಳು

ಹಾಸನ, ಭಾನುವಾರ ರಾತ್ರಿ

ಪುಟ್ಟಿ,

ಬೆಳಿಗ್ಗೆ ಫೋನಿನಲ್ಲಿ "ನೆಗಡಿ ಅಮ್ಮ" ಅಂದೆ. ನಿನ್ನ ನೆಗಡಿ ಯಾವುದು ಅಳು ಯಾವುದು ಅಂತ ಗೊತ್ತಾಗದಷ್ಟು ದಡ್ಡಿ ಅಲ್ಲ ಕಣೆ ನಾನು. ಫೋನ್ ಇಟ್ಟ ಮೇಲೆ ಹೇಳಬೇಕಾದ್ದೆಲ್ಲ ಒಂದೊಂದೇ ನೆನಪಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಅದರ ಕೆಲಸ ಏನು ಅಂತ ತಿಳಿಯೋಕೆ ಒಂದು ಜೀನ್ ತೆಗೆದ ಇಲಿಗಳನ್ನು ಏಳು ತಿಂಗಳು ಸಾಕಿದೆ, ಈಗ ನೋಡಿದರೆ ಅವು ತಿಂದುಕೊಂಡು ಓಡಾಡಿಕೊಂಡು ಹಾಯಾಗಿವೆ, ರಕ್ತದಲ್ಲೂ ಯಾವ ವ್ಯತ್ಯಾಸವೂ ಇಲ್ಲ, "ಏನೂ ಆಗಲಿಲ್ಲ ಅಮ್ಮ, ಎಲ್ಲ ದಂಡ" ಅಂದೆಯಲ್ಲ. ನನಗೆ ಕೋಳಿ ಕಥೆ ನೆನಪಾಯಿತು. ನೀನೇ ಹೇಳಿದ್ದು. ಎಂಎಸ್ಸಿ ಓದುವಾಗ ಆಲೂರಿನಲ್ಲಿ ಅಜ್ಜಿ ಹುಂಜ ಕೊಯ್ಯುತ್ತಿದ್ದರೆ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಪಾಠ ಮಾಡಿದ್ದೆ. ಬೇರೆಯವರಿಗೆ ಹೇಳಿದ ಕಥೆ ನಮ್ಮ ಹೊತ್ತಿಗೆ ನೆನಪಾಗಲ್ಲ ನೋಡು.

ಕೋಳಿಯ ಬಾಲದ ಬುಡದಲ್ಲಿ, ಹಿಕ್ಕೆ ಹಾಕುವ ಜಾಗದ ಹತ್ತಿರ, ಬರ್ಸಾ ಅಂತ ಪುಟ್ಟ ಚೀಲ. ಇಟಲಿಯ ವೈದ್ಯ ಫ್ಯಾಬ್ರಿಷಿಯಸ್ ಅದರ ಬಗ್ಗೆ ಬರೆದದ್ದು 1621ರಲ್ಲಿ ಅಚ್ಚಾಯಿತು, ಆದರೆ ಅದರ ಕೆಲಸ ಏನು ಅಂತ ಮುನ್ನೂರು ವರ್ಷ ಯಾರಿಗೂ ತಿಳಿಯಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಒಹಾಯೊದಲ್ಲಿ ಬ್ರೂಸ್ ಗ್ಲಿಕ್ ಅನ್ನೋ ವಿದ್ಯಾರ್ಥಿ ಕೋಳಿಮರಿಗಳಿಂದ ಆ ಚೀಲ ತೆಗೆದು ನೋಡಿದ. ಮರಿಗಳು ಬೆಳೆದವು. ಏನೂ ಆಗಲಿಲ್ಲ! ಆಮೇಲೆ ಅವನ ಜೊತೆಗಾರ ಟಿಮೋತಿ ಚಾಂಗ್‌ಗೆ ತರಗತಿಗೆ ಕೋಳಿ ಬೇಕಾಯಿತು, ಸಾಲ್ಮೊನೆಲ್ಲಾ ಅನ್ನೋ ರೋಗಾಣು ಚುಚ್ಚಿದರೆ ರಕ್ತದಲ್ಲಿ ಅದನ್ನು ಎದುರಿಸೋ ಆಂಟಿಬಾಡಿ ಹುಟ್ಟುತ್ತೆ ಅಂತ ಹುಡುಗರಿಗೆ ತೋರಿಸೋಕೆ. ಗ್ಲಿಕ್‌ನ ಹತ್ತಿರ ಇದ್ದ ಕೋಳಿಗಳನ್ನೇ ಕೇಳಿ ತಂದು ಚುಚ್ಚಿದ. ಚೀಲ ಇಲ್ಲದವುಗಳಲ್ಲಿ ಆಂಟಿಬಾಡಿ ಹುಟ್ಟಲೇ ಇಲ್ಲ. ಪಾಠ ಕೆಟ್ಟಿತು, ಮುನ್ನೂರು ವರ್ಷದ ಒಗಟು ಬಿಚ್ಚಿತು. 'ಸೈನ್ಸ್' ಪತ್ರಿಕೆ ಅವರ ಲೇಖನ ಬೇಡ ಅಂತು, ಕೊನೆಗೆ 1956ರಲ್ಲಿ ಅದು ಬಂದದ್ದು 'ಪೌಲ್ಟ್ರಿ ಸೈನ್ಸ್'ನಲ್ಲಿ. ಕೋಳಿಯವರ ಪತ್ರಿಕೆ, ಕಾಯಿಲೆ ಓದುವವರು ಯಾಕೆ ತೆಗೆದು ನೋಡುತ್ತಾರೆ? 1965ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ಜೊತೆಯವರು ಕೋಳಿಯಲ್ಲೇ ಲಿಂಫೋಸೈಟುಗಳಲ್ಲಿ, ಅಂದರೆ ಸೋಂಕನ್ನು ಎದುರಿಸೋ ಒಂದು ಬಗೆಯ ಬಿಳಿ ರಕ್ತಕಣಗಳಲ್ಲಿ, ಎರಡು ಜಾತಿ ಅಂತ ತೋರಿಸಿದರು. ಈಗ ಬಿ ಸೆಲ್, ಟಿ ಸೆಲ್ ಅನ್ನೋದು ಅವನ್ನೇ. ಬಿ ಸೆಲ್ಲಿನ ಬಿ ಅಂದರೆ ಬರ್ಸಾ. ಲ್ಯಾಬಿನಲ್ಲಿ ಕೂತು ಅಷ್ಟು ವರ್ಷ ಲಿಂಫೋಸೈಟ್ ಎಣಿಸಿದ ನನಗೆ ಅದು ಅವತ್ತೇ ಗೊತ್ತಾಗಿದ್ದು. ಸ್ಲೈಡಿನಲ್ಲಿ ಬೀನೂ ಟೀನೂ ಒಂದೇ ಥರ ದುಂಡಗೆ ಕಾಣುತ್ತವೆ.

ಅಜ್ಜಿ ಕೋಳಿಯ ಬಾಲ ಎತ್ತಿ "ಎಲ್ಲೇ ಅದು" ಅಂತ ಹುಡುಕಿದ್ದರು, ನೀನು ಬಲಿತ ಹುಂಜದಲ್ಲಿ ಕರಗಿ ಹೋಗಿರುತ್ತೆ ಅಂದದ್ದಕ್ಕೆ "ಹಂಗಾದ್ರೆ ಇಷ್ಟೊತ್ತು ಸುಮ್ನೆ ಯಾಕೆ ಹೇಳ್ದೆ, ನೀರು ಆರೋಯ್ತು" ಅಂತ ಬೈದದ್ದು ನೆನಪಿದೆಯಾ?

ಆ ಕೋಳಿಗಳು ಸುಮ್ಮನೆ ಇದ್ದಷ್ಟು ದಿನ ಏನೂ ಕಾಣಲಿಲ್ಲ, ಸೋಂಕು ಕೊಟ್ಟಾಗಲೇ ಅಲ್ವಾ ಕಂಡದ್ದು. ನಿನ್ನ ಇಲಿಗಳಿಗೆ ಏನಾದರೂ ಕೊಟ್ಟು ನೋಡಿದ್ದೀಯಾ, ಇಲ್ಲ ಶುದ್ಧ ಪಂಜರದಲ್ಲಿ ಕೂರಿಸಿಕೊಂಡು ಲೆಕ್ಕ ಮಾತ್ರ ಬರೆದಿದ್ದೀಯಾ? ನಿಮ್ಮ ಗೈಡ್ ಇಷ್ಟರಲ್ಲಿ ಹೇಳಿರಲೂಬಹುದು. ಹೇಳಿದ್ದರೆ ಅಮ್ಮನದು ಜಾಸ್ತಿ ಆಯಿತು ಅಂದುಕೋ.

ಲೆಕ್ಕದ ಮೇಲೆ ನನಗೆ ಅನುಮಾನ ಬರೋಕೆ ಕಾರಣ ಇದೆ. ನಿನಗೆ ಇದನ್ನು ಹೇಳಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೆಷಿನ್ ಇರಲಿಲ್ಲ, ಪಿಪೆಟ್ಟಿನಲ್ಲಿ ರಕ್ತ ಬಾಯಿಂದ ಎಳೆದು (ಈಗ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತೆ), ನ್ಯೂಬಾರ್ ಚೇಂಬರ್ ಅನ್ನೋ ಚೌಕ ಗೆರೆಗಳ ಗಾಜಿನ ನಾಲ್ಕು ಮೂಲೆಯ ಬಿಳಿ ಕಣಗಳನ್ನು ಎಣಿಸಿ 50ರಿಂದ ಗುಣಿಸೋದು. ಸಕಲೇಶಪುರದ ಕಡೆಯ ಒಬ್ಬ ಹುಡುಗ, ಹತ್ತು ವರ್ಷ ಇರಬಹುದು, ಬಿಡದ ಜ್ವರ ಅಂತ ಬಂದ. 140 ಎಣಿಸಿದೆ, ಟೋಟಲ್ ಕೌಂಟ್ 7,000, ನಾರ್ಮಲ್. ಸಂಜೆ ಬಸ್ಸಿನ ಅವಸರ, ಸ್ಮಿಯರ್ (ಗಾಜಿನ ಮೇಲೆ ತೆಳ್ಳಗೆ ಸವರಿದ ರಕ್ತ) ಎಳೆದಿಟ್ಟವಳು ಬಣ್ಣ ಹಾಕಲಿಲ್ಲ, ನಾರ್ಮಲ್ ಅಂತ ಬರೆದು ಕೊಟ್ಟೆ. ಮಾರನೇ ದಿನ ಲೀಶ್ಮನ್ ಬಣ್ಣ ಹಾಕಿ ನೋಡಿದರೆ, ದೇವರೇ, ಬಿಳಿ ಕಣಗಳಲ್ಲಿ ಅರ್ಧಕ್ಕರ್ಧ ಬ್ಲಾಸ್ಟುಗಳು, ರಕ್ತಕ್ಕೆ ಬರಬಾರದ ಎಳೆ ಕಣಗಳು, ರಕ್ತದ ಕ್ಯಾನ್ಸರಿನ ಗುರುತು. ಓಡಿ ಹೋಗಿ ಡಾಕ್ಟರಿಗೆ ಹೇಳಿದೆ, ಅವತ್ತೇ ಅವನನ್ನು ಬೆಂಗಳೂರಿಗೆ ಕಳಿಸಿದರು. ಒಂದು ದಿನ ತಡ ಆದದ್ದರಿಂದ ಏನೂ ಆಗಿರಲ್ಲ ಅಂತ ಅವರು ಸಮಾಧಾನ ಹೇಳಿದರು. ನನಗೆ ಈಗಲೂ ಆ 7,000 ಕಣ್ಣ ಮುಂದೆ ಬರುತ್ತೆ. ಲೆಕ್ಕ ಸರಿಯಾಗಿಯೇ ಇತ್ತು ಕಣೆ.

ಶನಿವಾರ ನಿಮ್ಮ ಚಿಕ್ಕಪ್ಪ ಬೆಂಗಳೂರಿಗೆ ಬರುತ್ತಿದ್ದಾರೆ, ಕಾಫಿ ಪುಡಿಯೂ ಒಂದಿಷ್ಟು ಚಕ್ಕುಲಿಯೂ ಕಳಿಸುತ್ತೇನೆ. ಇಲಿ ರಕ್ತದಲ್ಲಿ ಲಿಂಫೋಸೈಟೇ ಜಾಸ್ತಿ, ನ್ಯೂಟ್ರೋಫಿಲ್ ಅನ್ನೋ ಇನ್ನೊಂದು ಬಿಳಿ ಕಣ ಕಮ್ಮಿ, ಅದರ ನ್ಯೂಕ್ಲಿಯಸ್ ಉಂಗುರದ ಥರ ಅಂತ ನೀನು ಒಮ್ಮೆ ಹೇಳಿದ್ದೆ, ನಾನು ನಂಬಿರಲಿಲ್ಲ. ಎರಡು ಸ್ಮಿಯರ್ ಫೋಟೋ ವಾಟ್ಸಾಪ್ ಮಾಡು, ಮೈಕ್ರೋಸ್ಕೋಪಿನ ಆಯಿಲ್ ಇಮ್ಮರ್ಶನ್‌ನಲ್ಲಿ ತೆಗೆದದ್ದು. ಜೀನ್ ತೆಗೆದದ್ದು ಒಂದು, ತೆಗೆಯದ್ದು ಒಂದು. ಯಾವುದು ಯಾವುದು ಅಂತ ಮಾತ್ರ ಹೇಳಬೇಡ.

ನಿನ್ನ ಅಮ್ಮ