ಆನ್ ಫ್ರಾಂಕ್ ಗೆಳತಿಯರ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಎರಡನೇ ಮಹಾಯುದ್ಧದಲ್ಲಿ ನಾಜಿ ಜರ್ಮನರಿಂದ ತಪ್ಪಿಸಿಕೊಳ್ಳಲು ಅಡಗಿ ಕೂತು ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಅಡಗಿದ್ದ ಮನೆ, ದಿನಚರಿ, ಸಾವು ಇಷ್ಟೇ. ಅವಳ ಜೊತೆ ಆಡಿದ ಹುಡುಗಿಯರು ಏನಾದರು ಅಂತ ಬರೆಯುವವರು ಕಡಿಮೆ. ಅದನ್ನೂ ಬರೆಯಬೇಕು ಸರ್. ಒಂದೇ ವಯಸ್ಸಿನ ಆ ಮಕ್ಕಳಲ್ಲಿ ಯಾರು ಬದುಕಬೇಕು, ಯಾರು ಸಾಯಬೇಕು ಅನ್ನುವುದನ್ನು ಎಂಥೆಂಥ ಕಾಗದಗಳು ತೀರ್ಮಾನ ಮಾಡಿದವು ಅಂತ ಆಗ ಗೊತ್ತಾಗುತ್ತದೆ.

1942ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಐದು ಹುಡುಗಿಯರು ಸೇರಿ ಪಿಂಗ್‌ಪಾಂಗ್ ಕ್ಲಬ್ ಮಾಡಿಕೊಂಡಿದ್ದರು. ಆನ್, ಹಾನೆಲಿ, ಸಾನ್ನೆ, ಜಾಕ್ಲಿನ್, ಇಲ್ಸೆ. ಆಟ ಇಲ್ಸೆ ಮನೆಯ ಊಟದ ಕೋಣೆಯಲ್ಲಿ. ಮುಗಿದ ಮೇಲೆ ಐಸ್‌ಕ್ರೀಂ, ಅದೂ ಯಹೂದಿಗಳನ್ನು ಒಳಗೆ ಬಿಡುತ್ತಿದ್ದ ಅಂಗಡಿಯಲ್ಲಿ ಮಾತ್ರ.

ಮರುವರ್ಷವೇ ನಾಜಿಗಳು ಇಲ್ಸೆಯನ್ನು ಸೊಬಿಬೋರ್ ಅನ್ನುವ ಸಾವಿನ ಕ್ಯಾಂಪಿನಲ್ಲಿ ಕೊಂದರು, ಸಾನ್ನೆಯನ್ನು ಅಪ್ಪ ಅಮ್ಮನ ಸಮೇತ ಆಷ್ವಿಟ್ಸ್ ಕ್ಯಾಂಪಿನಲ್ಲಿ. ಸಾನ್ನೆಯ ಅಕ್ಕ ಸುಳ್ಳು ಗುರುತಿನ ಚೀಟಿ ಇಟ್ಟುಕೊಂಡು ಬದುಕಿದಳು. ಜಾಕ್ಲಿನ್ ಅಮ್ಮ ಹುಟ್ಟಿನಿಂದ ಯಹೂದಿಯಲ್ಲ, ಫ್ರಾನ್ಸಿನ ಕ್ಯಾಥೊಲಿಕ್. ಆಕೆ ಮಕ್ಕಳ ಹೆಸರನ್ನು ಯಹೂದಿ ಪಟ್ಟಿಯಿಂದ ತೆಗೆಸಿದ್ದರಿಂದ ಅವರು ಉಳಿದರು.

ಹಾನೆಲಿಯ ಕಥೆಯೇ ಬೇರೆ. ಫ್ರಾಂಕ್ ಮನೆಯವರು ಸ್ವಿಟ್ಜರ್ಲೆಂಡ್ ಸೇರಿಕೊಂಡು ಆರಾಮಾಗಿದ್ದಾರೆ ಅಂತ ಅವಳು ನಂಬಿದ್ದಳು. ಇತ್ತ ಆನ್, ಹರಕು ಬಟ್ಟೆ ತೊಟ್ಟ ಹಾನೆಲಿ ಕಣ್ಣಮುಂದೆ ಬಂದಳು ಅಂತ 1943ರ ನವೆಂಬರ್‌ನಲ್ಲಿ ಅಡಗಿದ್ದ ಮನೆಯಲ್ಲೇ ದಿನಚರಿಯಲ್ಲಿ ಬರೆದು, ತಾನು ಮಾತ್ರ ಸುರಕ್ಷಿತವಾಗಿದ್ದೇನೆ ಅಂತ ಕೊರಗಿದ್ದಾಳೆ. ಆಮೇಲೆ ಆನ್ ಕೂಡ ಸಿಕ್ಕಿಬಿದ್ದಳು. 1945ರ ಫೆಬ್ರುವರಿಯಲ್ಲಿ ಇಬ್ಬರೂ ಜರ್ಮನಿಯ ಬರ್ಗೆನ್-ಬೆಲ್ಸೆನ್ ಕ್ಯಾಂಪಿನಲ್ಲಿದ್ದರು, ಮುಳ್ಳುತಂತಿಯ ಆಚೆ ಒಬ್ಬಳು, ಈಚೆ ಒಬ್ಬಳು. ಹಾನೆಲಿ ಮನೆಯವರ ಹತ್ತಿರ ದಕ್ಷಿಣ ಅಮೆರಿಕದ ಪರಗ್ವೆ ದೇಶದ ಪಾಸ್‌ಪೋರ್ಟ್ ಇತ್ತು. ಕೈದಿಗಳ ವಿನಿಮಯಕ್ಕೆ ಬೇಕಾಗಬಹುದು ಅಂತ ಜರ್ಮನರು ಅವರನ್ನು ಸ್ವಲ್ಪ ವಾಸಿ ಅನ್ನಬಹುದಾದ ಭಾಗದಲ್ಲಿ ಇಟ್ಟಿದ್ದರು. ನೋಡಿ, ಇಲ್ಲೂ ಕಾಗದವೇ.

ಬೇಲಿಗೆ ಹುಲ್ಲು ತುರುಕಿದ್ದರಿಂದ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಅಪ್ಪನೂ ಹೋಗಿಬಿಟ್ಟರು, ತನಗೆ ಇನ್ನು ಯಾರೂ ಇಲ್ಲ ಅಂತ ಆನ್ ಅತ್ತಳು. ಅಪ್ಪ ಒಟ್ಟೊ ಬದುಕಿದ್ದರು, ಜನವರಿಯಲ್ಲೇ ಆಷ್ವಿಟ್ಸ್‌ನಿಂದ ಬಿಡುಗಡೆಯಾಗಿತ್ತು, ಆದರೆ ಅದನ್ನು ಅವಳಿಗೆ ಹೇಳುವವರೇ ಇರಲಿಲ್ಲ! ಹಾನೆಲಿ ಒಂದಿಷ್ಟು ತಿನ್ನುವುದನ್ನು ಕಟ್ಟಿ ಬೇಲಿ ಮೇಲಿಂದ ಎಸೆದಳು. ಕತ್ತಲಲ್ಲಿ ಇನ್ಯಾರೋ ಹೆಂಗಸು ಅದನ್ನು ಹಿಡಿದು ಓಡಿದಳು. ಆ ಹೆಂಗಸಿಗೂ ಹಸಿವೇ ಅಲ್ವಾ, ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಇನ್ನೊಂದು ರಾತ್ರಿ ಎಸೆದದ್ದು ಆನ್ ಕೈಗೇ ಸಿಕ್ಕಿತು. ಸ್ವಲ್ಪ ದಿನಕ್ಕೇ ಅವಳು ತೀರಿಹೋದಳು.

ಹಾನೆಲಿ ಮುಂದೆ ಜೆರುಸಲೇಮಿನಲ್ಲಿ ನರ್ಸ್ ಆದರು, 2022ರಲ್ಲಿ ತೀರಿಕೊಂಡರು. ಜಾಕ್ಲಿನ್ ಪುಸ್ತಕಕ್ಕೆ ಬೈಂಡಿಂಗ್ ಮಾಡುವ ಕೆಲಸ ಕಲಿತರು, 2025ರಲ್ಲಿ ಹೋದರು. ಇಬ್ಬರೂ ವಯಸ್ಸಾದ ಮೇಲೂ ಇದನ್ನೆಲ್ಲ ಹೇಳುತ್ತಲೇ ಇದ್ದರು. ಆ ಐವರಲ್ಲಿ ಈಗ ಯಾರೂ ಇಲ್ಲ, ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ದೊಡ್ಡ ಲೇಖನವೇ ಆಗಬೇಕು ಅಂತಿಲ್ಲ. ಮಕ್ಕಳ ಪುಟದಲ್ಲಿ ಹಾಕಿ, ಆ ಹುಡುಗಿಯರ ವಯಸ್ಸಿನವರು ಓದುವುದು ಅದನ್ನೇ.

ಇತಿ,
ನಿಮ್ಮ ಓದುಗ