ಏಳು ವರ್ಷದ ದಾರ, ಏಳು ವರ್ಷದ ಅಡ್ವಾನ್ಸ್

ಸಂಪಾದಕರಿಗೆ ನಮಸ್ಕಾರ,

ಕಳೆದ ಜೂನ್‌ನಲ್ಲಿ ನಿಮ್ಮ ಪುರವಣಿಯಲ್ಲಿ ಮನೆ ಖರ್ಚಿನ ಬಗ್ಗೆ ಒಂದು ಲೇಖನ ಬಂದಿತ್ತು. ದುಡ್ಡು ಉಳಿಸಬೇಕಾದರೆ ಮೊದಲು ಹವ್ಯಾಸದ ಖರ್ಚು ನಿಲ್ಲಿಸಿ, ಮನೆ ಬದಲಾಯಿಸುವ ವರ್ಷವಂತೂ ಅದರ ಹೆಸರೇ ಎತ್ತಬೇಡಿ ಅಂತ ಅದರಲ್ಲಿತ್ತು. ಅದನ್ನು ಓದಿದಾಗ ನಾನು ಹನ್ನೊಂದು ಬಟ್ಟೆ ಗಂಟುಗಳ ನಡುವೆ ಕೂತಿದ್ದೆ. ಆಗಲೇ ಉತ್ತರ ಬರೆಯಬೇಕಿತ್ತು. ಮನೆ ಸಾಮಾನೆಲ್ಲ ಡಬ್ಬ ಸೇರಿತ್ತು, ತಲೆಯೂ ಒಂದು ಡಬ್ಬದಲ್ಲೇ ಇತ್ತು. ಈಗ ಬರೆಯುತ್ತಿದ್ದೇನೆ.

ನನ್ನ ಹವ್ಯಾಸ ಕೌದಿ, ಅಂದರೆ ಹಳೇ ಬಟ್ಟೆಯ ಹೊದಿಕೆ, ಹೊಲಿಯುವುದು. ನಮ್ಮೂರು ಗದಗದ ಕಡೆ. ಸಣ್ಣವಳಿದ್ದಾಗ ನಮ್ಮ ಓಣಿಗೆ ಕೌದಿ ಹೊಲಿದುಕೊಡುವ ಹೆಂಗಸರು ಬರುತ್ತಿದ್ದರು. ಕಟ್ಟೆಯ ಮೇಲೆ ಹಳೇ ಸೀರೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಕೂರುತ್ತಿದ್ದರು. ನಾನು ಅವರಿಗೆ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆ. ಕೆಲಸ ಕಲಿತದ್ದು ಮಾತ್ರ ಅವ್ವನಿಂದ. ನಡುವೆ ಎರಡು ಮೂರು ಪದರ ಹಳೇ ಸೀರೆ, ಧೋತ್ರ. ಮೇಲೆ ಬಣ್ಣಬಣ್ಣದ ತುಂಡು. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ಒಳಗೆ ಬರಬೇಕು. ಮೇಲೊಂದು ಕೆಳಗೊಂದು, ಅಷ್ಟೇ ಹೊಲಿಗೆ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಅರ್ಧ ಬೆರಳು ಅಂತರ. ಕೊನೆಗೆ ನಟ್ಟನಡುವೆ ಒಂದು ಗೇಣು ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಖಾಲಿ ಇಟ್ಟು ಮುಚ್ಚಬಾರದು ಅನ್ನುತ್ತಾಳೆ ಅವ್ವ. ಊರಲ್ಲಿ ಚೂರು ಹೋಳಿಗೆ ಇಟ್ಟು ಹೊಲಿಯುತ್ತಿದ್ದಳು. ಬೆಂಗಳೂರಿನ ಇರುವೆಗಳಿಗೆ ಹೆದರಿ ನಾನು ಐದು ಕಾಳು ಅಕ್ಕಿ ಇಡುತ್ತೇನೆ. ಅವ್ವನಿಗೆ ಇದು ಅಷ್ಟಕ್ಕಷ್ಟೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರೂ ಹೀಗೆಯೇ ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ. ಅವರು ಅದಕ್ಕೆ ಕವಂದಿ ಅನ್ನುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫೂಲ್', ಅಂದರೆ ಹೂ, ಕೂರಿಸುತ್ತಾರೆ. ಅವನ್ನು ನೋಡಿದ ಮೇಲೆ ನಾನೂ ಒಂದು ಕೌದಿಗೆ ಹಾಗೆ ಮಾಡಿದೆ. ನಾಲ್ಕರಲ್ಲಿ ಎರಡು ಸೊಟ್ಟಗಾದವು. ಇರಲಿ ಬಿಡಿ.

ಈಗ ಮನೆಯ ವಿಷಯ. ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಏಳು ವರ್ಷ ಬಾಡಿಗೆಗಿದ್ದೆವು. ಓನರ್ ಮಗನ ಮದುವೆ ಗೊತ್ತಾಯಿತು, ಅವರಿಗೆ ಮನೆ ಬೇಕಾಯಿತು. ತಪ್ಪೇನಿಲ್ಲ. ಹನ್ನೊಂದು ತಿಂಗಳ ಕರಾರು ಪತ್ರವನ್ನು ಸುಮ್ನೆ ಮುಂದುವರಿಸಿಕೊಂಡು ಬಂದಿದ್ದೆವು. ಒಂದು ವರ್ಷ ದಾಟಿದ ಕರಾರನ್ನು ನೋಂದಣಿ ಮಾಡಿಸಬೇಕು ಅಂತ ಕಾನೂನಿದೆ. ಅದಕ್ಕೇ ಈ ಊರಿನಲ್ಲಿ ಎಲ್ಲರೂ ಹನ್ನೊಂದು ತಿಂಗಳಿಗೇ ನಿಲ್ಲಿಸುತ್ತಾರೆ, ನಿಮಗೂ ಗೊತ್ತು.

ನಾನು ಔಷಧಿ ಸಗಟು ಮಾರುವ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯವರು ಶಾಲೆಯ ವ್ಯಾನ್ ಓಡಿಸುತ್ತಾರೆ. ಮಗಳು ಏಳನೇ ಕ್ಲಾಸು. ಅವಳಿಗಾಗಿ 2024ರ ಜನವರಿಯಲ್ಲಿ ಪೋಸ್ಟ್ ಆಫೀಸಿನಲ್ಲಿ ಐದು ವರ್ಷದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಉಳಿತಾಯ, ತೆರೆದೆ. ತಿಂಗಳಿಗೆ 5,000. ಬಡ್ಡಿ ಶೇ 6.7. ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ, 2029ರಲ್ಲಿ, ಸುಮಾರು 3 ಲಕ್ಷ 56 ಸಾವಿರ ಕೈಗೆ ಬರುತ್ತದೆ. ನಮ್ಮ ಮನೆಯಲ್ಲಿ ಗುರಿ ಅಂತ ಇರುವುದು ಅದೊಂದೇ. ಏನೇ ಆದರೂ ಅದನ್ನು ಮುಟ್ಟಬಾರದು ಅಂತ ನಾನೂ ಮನೆಯವರೂ ಮಾತಾಡಿಕೊಂಡಿದ್ದೆವು.

ಮನೆ ಹುಡುಕಲು ಹೊರಟಾಗ ಮೊದಲು ಎದುರಾದದ್ದು ಬಾಡಿಗೆಯಲ್ಲ, ಅಡ್ವಾನ್ಸ್. ಸುಂಕದಕಟ್ಟೆಯಲ್ಲಿ ಒಂದು ಮನೆ ಹಿಡಿಸಿತು. ಬಾಡಿಗೆ 16,000. ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 1,60,000. ಹಳೇ ಮನೆಯಲ್ಲಿ ನಮ್ಮದೇ 1,20,000 ಇದೆ, ಆದರೆ ಅದು ಖಾಲಿ ಮಾಡಿದ ಮೇಲೆ ಬರುವ ದುಡ್ಡು. ಹೊಸ ಮನೆಗೆ ಬೇಕಾದ್ದು ಖಾಲಿ ಮಾಡುವ ಮೊದಲು. ನಡುವಿನ ಆ ಒಂದೆರಡು ತಿಂಗಳಲ್ಲೇ ಎಷ್ಟೋ ಮನೆಗಳ ಉಳಿತಾಯ ಕರಗುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ತಂದಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳಬಾರದು ಅಂತ ಅದರಲ್ಲಿದೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಜಾರಿ. ನಾನು ಈ ಮಾತು ಎತ್ತಿದಾಗ ಒಬ್ಬ ಓನರ್ ನಕ್ಕು, "ಹಾಗಾದ್ರೆ ಡೆಲ್ಲೀಲೇ ಮನೆ ನೋಡಿ ಮೇಡಂ" ಅಂದರು.

ಕಡೆಗೆ ನಮ್ಮ ಕೈ ಹಿಡಿದದ್ದು ಆಷಾಢ. ಅವ್ವ ಬೈದಳು. "ಆಷಾಢದಾಗ ಯಾರರ ಮನಿ ಬದಲಿ ಮಾಡ್ತಾರೇನ್ವಾ? ಹಾಲು ಹೆಂಗ ಉಕ್ಕಸ್ತಿ?" ಆದರೆ ಆಷಾಢದಲ್ಲಿ ಯಾರೂ ಮನೆಗೆ ಬರುವುದಿಲ್ಲ ಅನ್ನುವುದು ಓನರ್‌ಗೂ ಗೊತ್ತು. ಒಂದು ತಿಂಗಳು ಮನೆ ಖಾಲಿ ಇದ್ದರೆ ಅವರಿಗೆ 16,000 ಖೋತಾ. ಮಾತಾಡಿದೆವು. ಅಡ್ವಾನ್ಸ್ ಒಂದು ಲಕ್ಷಕ್ಕೆ ಇಳಿಯಿತು. ಸಾಮಾನಿನ ಗಾಡಿಯವನೂ 6,500ಕ್ಕೆ ಒಪ್ಪಿದ. ಶ್ರಾವಣದಲ್ಲಾಗಿದ್ದರೆ ಫೋನೇ ಎತ್ತುತ್ತಿರಲಿಲ್ಲ. ಹಾಲನ್ನು ಶ್ರಾವಣದ ಮೊದಲ ಶುಕ್ರವಾರ ಉಕ್ಕಿಸಿದೆವು. ಅಲ್ಲಿಯವರೆಗೆ ಅವ್ವ ಆ ಮನೆಯನ್ನು ಮನೆ ಅನ್ನಲಿಲ್ಲ, 'ಆ ಖೋಲಿ' ಅನ್ನುತ್ತಿದ್ದಳು.

ಒಂದು ಲಕ್ಷ ಎಲ್ಲಿಂದ? ಆರ್‌ಡಿಯನ್ನು ಮೂರು ವರ್ಷ ತುಂಬುವ ಮೊದಲು ಮುರಿಯಲು ಬರುವುದಿಲ್ಲ. ಮೂರು ವರ್ಷ ಆದ ಮೇಲೆ ಮುರಿದರೂ ಸಿಗುವುದು ಉಳಿತಾಯ ಖಾತೆಯ ಬಡ್ಡಿ, ಶೇ 4. ಆದರೆ ಒಂದು ವರ್ಷ ಬಿಡದೆ ಹನ್ನೆರಡು ಕಂತು ಕಟ್ಟಿದ್ದರೆ ಜಮೆಯಾದ ದುಡ್ಡಿನ ಅರ್ಧದಷ್ಟು ಸಾಲ ಕೊಡುತ್ತಾರೆ. ಆರ್‌ಡಿ ಬಡ್ಡಿಗಿಂತ ಎರಡು ಪರ್ಸೆಂಟ್ ಜಾಸ್ತಿ. ಇದನ್ನು ಆ ಲೇಖನದಲ್ಲಿ ಬರೆದಿದ್ದರೆ ಎಷ್ಟು ಜನಕ್ಕೆ ಉಪಯೋಗವಾಗುತ್ತಿತ್ತು, ಅಲ್ವಾ? ನಾನು ಆಗ 19 ಕಂತು ಕಟ್ಟಿದ್ದೆ, 95,000. ಸಾಲ 47,500 ಸಿಕ್ಕಿತು. ಉಳಿತಾಯ ಖಾತೆಯಿಂದ 40,000 ತೆಗೆದೆ. ಮಿಕ್ಕಿದ್ದಕ್ಕೆ ಮನೆಯವರು ತಮ್ಮ ಚೀಟಿ ಎತ್ತಿದರು. ಅವ್ವ ಕೈಯ ಪಾಟ್ಲಿ ಬಿಚ್ಚಲು ಹೋದಳು. ಸೋಪು ಹಚ್ಚಿದರೂ ಬರಲಿಲ್ಲ. ಬರದಿದ್ದುದೇ ಒಳ್ಳೆಯದಾಯಿತು. ಎರಡು ತಿಂಗಳಲ್ಲಿ ಸಾಲ ತೀರಿಸಿದೆ, ಬಡ್ಡಿ ಸುಮಾರು 700 ರೂಪಾಯಿ. ಆರ್‌ಡಿ ಹಾಗೇ ನಡೆಯುತ್ತಿದೆ.

ಹಳೇ ಓನರ್ ಏನು ಮಾಡಿದರು ಅಂದರೆ, ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ 15,000 ಹಿಡಿದರು. ಅದು ಇಲ್ಲಿಯ ಪದ್ಧತಿ, ಗೊತ್ತಿತ್ತು. ಜೊತೆಗೆ ಗೋಡೆಯ ಮೊಳೆಗೆ ಅಂತ 2,000. ಅವರ ಸೊಸೆಯಾಗುವ ಹುಡುಗಿ ಬಂದಾಗ ನಾನು ಕೌದಿ ಹೊಲಿಯುವುದನ್ನು ನೋಡಿ, ಅದನ್ನು ಗೋಡೆಗೆ ತೂಗುಹಾಕುವ ಕಲೆ ಅಂದುಕೊಂಡಿದ್ದಳಂತೆ. ನಾನು ಒಂದು ಮೊಳೆಯನ್ನೂ ಹೊಡೆದಿಲ್ಲ. ಕೌದಿ ಹೊದೆಯುವುದಕ್ಕೆ. ಉಳಿದ 1,03,000 ಎರಡು ಕಂತಿನಲ್ಲಿ ಬಂತು. ಕೊನೆಯದ್ದು ಬಂದದ್ದು ಈ ಸೆಪ್ಟೆಂಬರಿನಲ್ಲಿ.

ಈಗ ನಿಮ್ಮ ಲೇಖನಕ್ಕೆ ಬರುತ್ತೇನೆ. ಲೆಕ್ಕ ಬರೆಯುವವಳು ನಾನು, ಹವ್ಯಾಸದ ಖರ್ಚು ಅಂದಾಗ ಸುಮ್ಮನಿರಲು ಆಗಲಿಲ್ಲ. ದಾರದ ಉಂಡೆ, ಸೂಜಿ, ಕೌದಿಯ ಕೆಳಗೆ ಹಾಸಲು ಆಗೀಗ ಕೊಳ್ಳುವ ಕೋರಾ ಬಟ್ಟೆ, ಎಲ್ಲ ಸೇರಿ ತಿಂಗಳಿಗೆ 200 ದಾಟಿಲ್ಲ. ಮೇಲಿನ ಬಟ್ಟೆಗೆ ದುಡ್ಡಿಲ್ಲ, ಬಳಗದ ಹಳೇ ಸೀರೆಗಳು. ಏಳು ವರ್ಷಕ್ಕೆ 16,800. ಇದೇ ಏಳು ವರ್ಷ ನಮ್ಮ 1,20,000 ಓನರ್ ಹತ್ತಿರ ಒಂದು ಪೈಸೆ ಬಡ್ಡಿಯಿಲ್ಲದೆ ಇತ್ತು. ಅದನ್ನು ಬರೀ ಪೋಸ್ಟ್ ಆಫೀಸಿನ ಉಳಿತಾಯ ಖಾತೆಯಲ್ಲಿ ಇಟ್ಟಿದ್ದರೂ ಶೇ 4ರ ಲೆಕ್ಕಕ್ಕೆ ವರ್ಷಕ್ಕೆ 4,800. ಏಳು ವರ್ಷಕ್ಕೆ 33,600, ಬಡ್ಡಿಯ ಮೇಲಿನ ಬಡ್ಡಿ ಬಿಟ್ಟು. ನನ್ನ ಕೌದಿಯ ಸರಿಯಾಗಿ ಎರಡರಷ್ಟು. ಈ ಖರ್ಚು ಯಾವ ಮನೆಯ ಡೈರಿಯಲ್ಲೂ ಬರೆದಿರುವುದಿಲ್ಲ. ದಾರಕ್ಕೆ ಕೊಟ್ಟ ಇಪ್ಪತ್ತು ರೂಪಾಯಿ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ.

ಹವ್ಯಾಸಕ್ಕೆ ಬೇಕಾದ್ದು ದುಡ್ಡಿಗಿಂತ ಜಾಗ. ಇದು ನನಗೆ ಗೊತ್ತಾದದ್ದು ಗಾಡಿಯವನು ಮನೆಗೆ ಬಂದು ಸಾಮಾನು ಎಣಿಸಿದಾಗ. ಬೀರು ಒಂದು, ಮಂಚ ಎರಡು, ಫ್ರಿಜ್ಜು ಒಂದು ಅಂತ ಬೆರಳು ಮಡಚುತ್ತ ಬಂದವನು ಅಟ್ಟ ನೋಡಿ ನಿಂತ. "ಇವೆಲ್ಲಾ ಏನಕ್ಕಾ? ಅಂಗಡಿ ಇಟ್ಟಿದ್ದೀರಾ?" ಹನ್ನೊಂದು ಗಂಟು! ನನಗೇ ನಾಚಿಕೆಯಾಯಿತು.

ಆ ಭಾನುವಾರ ಗಂಟುಗಳನ್ನು ಬಿಚ್ಚಿದೆ. ಬಿಸಾಕಲು ಬಿಚ್ಚಿದ್ದು, ಬಿಸಾಕಲು ಆಗಲಿಲ್ಲ. ಒಂದರಲ್ಲಿ ಅವ್ವನ ಮದುವೆಯ ಇಳಕಲ್ ಸೀರೆ. ಒಡಲು ಮಡಿಕೆ ಮಡಿಕೆಗೂ ಸೀಳಿದೆ, ಕೆಂಪು ಸೆರಗು ಮಾತ್ರ ಗಟ್ಟಿ. ಅದರ ತೋಪ್ ತೆನಿ ವಿನ್ಯಾಸದ ಮೇಲೆ ಕೈ ಆಡಿಸುತ್ತ ಅವ್ವ ಅರ್ಧ ಗಂಟೆ ಕೂತಳು. ಇನ್ನೊಂದರಲ್ಲಿ ಮಗಳ ಬಾಲವಾಡಿಯ ಯೂನಿಫಾರಂ, ಜೇಬಿನಲ್ಲಿ ಅರ್ಧ ಬಳಪ. ಸಿಂಥೆಟಿಕ್ ಸೀರೆಗಳನ್ನೆಲ್ಲ ಬೇರೆ ಮಾಡಿದೆ. ಅವು ಸೂಜಿಗೆ ಜಾರುತ್ತವೆ, ಒಳಗಿನ ಪದರಕ್ಕೂ ಬರುವುದಿಲ್ಲ, ಬೆವರು ಹೀರುವುದಿಲ್ಲ. ಯಾಕೆ ಇಟ್ಟುಕೊಂಡಿದ್ದೆನೋ. ಅವು ಮೂರು ಗಂಟಾದವು, ಕೊಟ್ಟುಬಿಟ್ಟೆ. ಉಳಿದ ಎಂಟು ಗಂಟಿನ ಬಟ್ಟೆ ಪ್ಯಾಕಿಂಗಿಗೆ ಬಂತು. ಗಾಜಿನ ಲೋಟಕ್ಕೆ ಒಂದು ತುಂಡು, ಮಿಕ್ಸಿ ಜಾರಿಗೆ ಒಂದು ಸೀರೆ, ಟಿವಿಗೆ ಎರಡು ಕೌದಿ. ಪೇಪರು, ಗುಳ್ಳೆ ಪ್ಲಾಸ್ಟಿಕ್ ಒಂದು ರೂಪಾಯಿಯದ್ದೂ ತರಲಿಲ್ಲ. ಒಡೆದದ್ದು ಒಂದೇ ಒಂದು ಬಟ್ಟಲು, ಅದೂ ಮನೆಯವರು ಇಳಿಸುವಾಗ ಬೀಳಿಸಿದ್ದು.

ಹೊಸ ಮನೆ ನೋಡುವಾಗ ನಾನು ಹಾಲ್‌ನಲ್ಲಿ ಹೆಜ್ಜೆ ಹಾಕಿ ಅಳೆದೆ. ಏಳು ಅಡಿಗೆ ಐದು ಅಡಿ ನೆಲ ಖಾಲಿ ಸಿಗಬೇಕು. ಕುರ್ಚಿ ಸರಿಸಿದರೆ ಸಾಕು ಅನ್ನಿಸಿತು. ಇದಕ್ಕಿಂತ ಸಾವಿರ ರೂಪಾಯಿ ಕಡಿಮೆಯ ಇನ್ನೊಂದು ಮನೆ ಇತ್ತು, ಬಿಟ್ಟೆವು. ಹೌದು, ವರ್ಷಕ್ಕೆ 12,000. ನೆಲಕ್ಕಾಗಿ ಕೊಡುತ್ತಿರುವ ದುಡ್ಡು ಅಂತ ಡೈರಿಯಲ್ಲಿ ಬೇರೆಯಾಗಿಯೇ ಬರೆದಿದ್ದೇನೆ. ಕದ್ದು ಮಾಡುವ ಖರ್ಚಲ್ಲವಲ್ಲ. ಮನೆಯವರು ಬೀಡಾ ಬಿಟ್ಟಿದ್ದಾರೆ, ಅದರಲ್ಲಿ ಅರ್ಧ ಸರಿಹೋಗುತ್ತದೆ.

ಒಂದು ಕಡೆ ನಾನು ಎಡವಿದೆ, ಅದನ್ನೂ ಹೇಳಬೇಕು. ಗೃಹಜ್ಯೋತಿ. ಹಳೇ ಮನೆಯ ಮೀಟರಿನಿಂದ ನಮ್ಮ ಆಧಾರ್ ಬಿಡಿಸಿ ಹೊಸ ಮೀಟರಿಗೆ ಜೋಡಿಸಬೇಕಿತ್ತು, ತಡ ಮಾಡಿದೆ. ಮೊದಲ ಬಿಲ್ಲು ಪೂರ್ತಿ ಕಟ್ಟಿದೆ. ಇನ್ನೊಂದು ವಿಷಯ ಹೊಳೆದೇ ಇರಲಿಲ್ಲ. 200 ಯೂನಿಟ್ ಅಂತ ಹೇಳಿದರೂ ಉಚಿತ ಸಿಗುವುದು ಆ ಮೀಟರಿನ 2022-23ರ ಸರಾಸರಿ ನೋಡಿಕೊಂಡು. ಈ ಮನೆಯಲ್ಲಿ ಆಗ ಇದ್ದವರು ವಯಸ್ಸಾದ ಇಬ್ಬರೇ. ನಾವು ನಾಲ್ಕು ಜನ. ಬಾಡಿಗೆ ಮನೆ ನೋಡುವವರು ನೀರು ಬರುತ್ತದಾ ಅಂತ ಕೇಳುವಾಗಲೇ ಹಳೇ ಕರೆಂಟ್ ಬಿಲ್ಲನ್ನೂ ಕೇಳಿ.

ಕೌದಿ ಮಾರಿ ದುಡ್ಡು ಮಾಡು ಅಂತ ಹೇಳುವವರು ಬೇಕಾದಷ್ಟು ಜನ. ಒಮ್ಮೆ ಮಾರಿದೆ, 2,500ಕ್ಕೆ. ಎರಡು ತಿಂಗಳ ಸಂಜೆಗಳು. ಕೊಂಡವರು ಹಸಿರು ಬೇಡ ಅಂದರು, ನೀಲಿ ತುಂಡು ಜಾಸ್ತಿ ಇರಲಿ ಅಂದರು, ಯಾವಾಗ ಕೊಡ್ತೀರಿ ಅಂತ ದಿನಾ ಮೆಸೇಜು. ಅಂಗಡಿಯಲ್ಲಿ ಇಡೀ ದಿನ ಕೇಳುವುದು ಅದನ್ನೇ. ಆ ಕೌದಿಯ ಹೊಟ್ಟೆಗೆ ಅಕ್ಕಿ ಇಡುವುದನ್ನೂ ಮರೆತೆ. ಆಮೇಲೆ ಮಾರಲಿಲ್ಲ.

ಮುಂದಿನ ಸಲ ಉಳಿತಾಯದ ಬಗ್ಗೆ ಬರೆಸುವಾಗ ಈ ಅಡ್ವಾನ್ಸಿನ ಬಗ್ಗೆ ಒಂದು ಪುಟ ಬರೆಸಿ ಅಂತ ನನ್ನ ಕೋರಿಕೆ. ಬಾಡಿಗೆದಾರರು ನಿಮ್ಮ ಓದುಗರಲ್ಲಿ ಕಡಿಮೆ ಇಲ್ಲ.

ಇದನ್ನು ಬರೆಯುವ ಹೊತ್ತಿಗೆ ಹಾಲ್‌ನಲ್ಲಿ ಒಂದು ಕೌದಿ ಹಾಸಿದೆ. ನಡುವೆ ಅವ್ವನ ಇಳಕಲ್ ಸೆರಗು. ಒಂದು ಗೇಣು ಮಾತ್ರ ಬಾಕಿ. ತನ್ನ ಸೀರೆಗೆ ಅಕ್ಕಿ ಕಾಳು ನಡೆಯುವುದಿಲ್ಲ, ಹೋಳಿಗೆಯೇ ಆಗಬೇಕು ಅಂತ ಅವ್ವನ ಹಟ. ಮಾಡಬಹುದಿತ್ತು. ಕಡಲೆಬೇಳೆ ಯಾವ ಡಬ್ಬದಲ್ಲಿದೆ ಅಂತ ಇನ್ನೂ ಸಿಕ್ಕಿಲ್ಲ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಸುಂಕದಕಟ್ಟೆ, ಬೆಂಗಳೂರು